ಯುಪಿಐ, ಕಾರ್ಡ್, ವ್ಯಾಲೆಟ್, ನೆಟ್ ಬ್ಯಾಂಕಿಂಗ್: ಯಾವ ಖರ್ಚಿಗೆ ಯಾವುದು, ಯಾರಿಗೆ ಯಾವುದು?

"ಯಾವ ಆ್ಯಪ್ ಸೇಫ್ ಹೇಳಿ, ಅದನ್ನೇ ಹಾಕಿಕೊಳ್ಳುತ್ತೇನೆ." ಹೋದ ತಿಂಗಳು ನನ್ನನ್ನು ಹೀಗೆ ಕೇಳಿದವರು ಮೂರು ಜನ. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು, ಈಗಷ್ಟೇ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಅಕ್ಕನ ಮಗಳು, ನಾವು ದಿನಾ ಹಾಲು ತರುವ ಅಂಗಡಿಯವರು. ಮೂವರಿಗೂ ಒಂದೇ ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಮೂವರ ದುಡ್ಡಿನ ಲೆಕ್ಕ ಬೇರೆ, ಮೋಸ ಬರುವ ದಾರಿ ಬೇರೆ, ಕಳಕೊಂಡರೆ ತಡಕೊಳ್ಳುವ ಶಕ್ತಿಯೂ ಬೇರೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ನಮ್ಮ ಚಿಕ್ಕಪ್ಪನ ಫ್ರಿಜ್ಜಿನ ಕಥೆ. ಮುಂದಿನ ಮಾತಿಗೆಲ್ಲ ಅದು ಬೇಕಾಗುತ್ತದೆ.

ಚಿಕ್ಕಪ್ಪ ಇರುವುದು ದಾವಣಗೆರೆಯಲ್ಲಿ. ಹಳೇ ಫ್ರಿಜ್ ಮಾರಲು ಆನ್‌ಲೈನಲ್ಲಿ ಫೋಟೋ ಹಾಕಿದ್ದರು, ಆರು ಸಾವಿರ ಅಂತ. ಹತ್ತು ನಿಮಿಷಕ್ಕೆ ಫೋನ್ ಬಂತು. ಮಿಲಿಟರಿಯವನಂತೆ, ಟ್ರಾನ್ಸ್‌ಫರ್ ಆಗಿದೆಯಂತೆ, ಇವತ್ತೇ ಬೇಕಂತೆ. ಚೌಕಾಸಿ ಮಾಡಲೇ ಇಲ್ಲ. ಹಳೇ ಫ್ರಿಜ್ಜಿಗೆ ಚೌಕಾಸಿ ಮಾಡದ ಗಿರಾಕಿಯನ್ನು ಕಂಡಾಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ವಾಟ್ಸ್ಆ್ಯಪಿಗೆ ಒಂದು ಕ್ಯೂಆರ್ ಕಳಿಸಿ, "ಸ್ಕ್ಯಾನ್ ಮಾಡಿ ಅಂಕಲ್, ದುಡ್ಡು ನಿಮಗೆ ಬಂದುಬಿಡುತ್ತದೆ" ಅಂದ. ಚಿಕ್ಕಮ್ಮನ ಫೋನಿಗೆ ಬಂದ ಆ ಚಿತ್ರವನ್ನು ಚಿಕ್ಕಪ್ಪ ತಮ್ಮ ಫೋನಿಂದ ಸ್ಕ್ಯಾನ್ ಮಾಡಿದರು. ಪರದೆಯ ಮೇಲ್ಗಡೆ ಅವರದೇ ಬ್ಯಾಂಕಿನ ಹೆಸರು, ಅದರ ಕೆಳಗೆ ಯಾರದೋ ಹೆಸರು ಮತ್ತು 6,000, ಇನ್ನೂ ಕೆಳಗೆ ಪಿನ್ ತುಂಬುವ ಖಾಲಿ ಗೆರೆಗಳು. ಕನ್ನಡಕ ಒಳಗೆ ಟಿವಿ ಮೇಲಿತ್ತು. ಪಿನ್ ಒತ್ತಿದರು. ಬರಬೇಕಿದ್ದ 6,000 ಹೋಯಿತು. ಆ ಕಡೆಯವನು ತಾನೇ ಗಾಬರಿಯಾದವನ ಹಾಗೆ "ಅಯ್ಯೋ ಉಲ್ಟಾ ಆಗಿದೆ ಅಂಕಲ್, ಎರಡೂ ಸೇರಿಸಿ ಹಾಕುತ್ತೇನೆ" ಅಂತ 12,000ದ ಇನ್ನೊಂದು ಕ್ಯೂಆರ್ ಕಳಿಸಿದ. ಅದಕ್ಕೂ ಒತ್ತಿದರು. ಮೂರನೆಯದು 24,000ದ್ದು. ಅಷ್ಟರಲ್ಲಿ ಚಿಕ್ಕಮ್ಮ ಫೋನ್ ಕಿತ್ತುಕೊಂಡರು.

ಹದಿನೆಂಟು ಸಾವಿರ ದೊಡ್ಡ ಮೊತ್ತವೇ. ಆದರೆ ನನಗೆ ಮೈ ಜುಂ ಅಂದಿದ್ದು ಅದಕ್ಕಲ್ಲ. ಆ ಅಕೌಂಟಲ್ಲಿ ಅವರ ಗ್ರಾಚ್ಯುಟಿ, ಪಿಎಫ್, ಎಲ್ಲ ಸೇರಿ ಇಡೀ ಜೀವಮಾನದ ದುಡ್ಡಿತ್ತು. ಹಾಲು ತರುವುದಕ್ಕೂ ಅದೇ ಅಕೌಂಟು, ಮನೆ ರಿಪೇರಿಗೆ ಕೂಡಿಟ್ಟಿದ್ದೂ ಅದೇ ಅಕೌಂಟು.

ಅಲ್ಲಿ ಆ್ಯಪಿನ ತಪ್ಪೇನೂ ಇರಲಿಲ್ಲ. ಯಾರೂ ಬೀಗ ಒಡೆದಿರಲಿಲ್ಲ, ಚಿಕ್ಕಪ್ಪನೇ ತೆಗೆದುಕೊಟ್ಟಿದ್ದರು. ಹಾಗಾಗಿ "ಯಾವ ಆ್ಯಪ್" ಅನ್ನುವುದನ್ನು ಪಕ್ಕಕ್ಕಿಟ್ಟು ಬೇರೆ ನಾಲ್ಕು ವಿಷಯದ ಮೇಲೆ ಅಳೆಯೋಣ.

ಅಳೆಯೋದು ಹೇಗೆ

ಒಂದು, ಆ ದಾರಿಯ ಹಿಂದೆ ನಿಮ್ಮದು ಎಷ್ಟು ದುಡ್ಡಿದೆ. ಅಂದರೆ ಎಲ್ಲ ಕೈಮೀರಿ ಹೋದರೆ ಗರಿಷ್ಠ ಎಷ್ಟು ಹೋಗಬಹುದು. ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ.

ಎರಡು, ಹೋಗುವ ವೇಗ. ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದಾ, ಅರ್ಧ ಗಂಟೆ ಆಗುತ್ತದಾ, ಅಥವಾ ತಿಂಗಳ ಕೊನೆಗೆ ಬಿಲ್ಲು ಬಂದಾಗ ಮಾತ್ರ ನಿಮ್ಮ ಜೇಬಿಗೆ ತಾಗುತ್ತದಾ.

ಮೂರು, ವಾಪಸ್ ಬರುವ ದಾರಿ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ತುಂಬಾ ಜನಕ್ಕೆ ಇದು ಗೊತ್ತಿಲ್ಲ. 2017ರ ಜುಲೈ 6ರಂದು ಆರ್‌ಬಿಐ ಒಂದು ಸುತ್ತೋಲೆ ಹೊರಡಿಸಿತು. ನಿಮಗೆ ಗೊತ್ತಿಲ್ಲದೆ ನಿಮ್ಮ ಅಕೌಂಟಿಂದ ದುಡ್ಡು ಹೋದರೆ, ತಪ್ಪು ಬ್ಯಾಂಕಿನದಾಗಿದ್ದರೆ ಪೂರ್ತಿ ಅವರದೇ ಹೊಣೆ. ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ, ನಡುವೆ ಎಲ್ಲೋ ಸೋರಿದೆ ಅಂತಾದರೆ, ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ನಷ್ಟ ಸೊನ್ನೆ. ನಾಲ್ಕರಿಂದ ಏಳು ದಿನದೊಳಗೆ ತಿಳಿಸಿದರೆ ಮಾಮೂಲಿ ಉಳಿತಾಯ ಖಾತೆಗೆ ಗರಿಷ್ಠ 10,000 ರೂಪಾಯಿ, ಮೂಲ ಉಳಿತಾಯ ಖಾತೆಗೆ (ಮಿನಿಮಮ್ ಬ್ಯಾಲೆನ್ಸ್ ಕೇಳದ ಖಾತೆ) 5,000 ನಿಮ್ಮ ಪಾಲಿಗೆ ಬರುತ್ತದೆ. ಏಳು ದಿನ ದಾಟಿದರೆ ಆ ಬ್ಯಾಂಕಿನ ಪಾಲಿಸಿ ಏನಿದೆಯೋ ಅದು. ಆದರೆ ಒಟಿಪಿ ಅಥವಾ ಪಿನ್ನನ್ನು ನೀವೇ ಇನ್ನೊಬ್ಬರಿಗೆ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಪೂರ್ತಿ ನಿಮ್ಮದು. ತಿಳಿಸಿದ ಮೇಲೂ ಹೋದರೆ ಅದು ಬ್ಯಾಂಕಿನದು. ಆ ಸುತ್ತೋಲೆ ಬರೆದಿರುವುದು ಕಳ್ಳ ಬೀಗ ಒಡೆದ ಕೇಸಿಗೆ. ಚಿಕ್ಕಪ್ಪನ ಹಾಗೆ ತಾವೇ ಪಿನ್ ಒತ್ತಿ ಕಳಿಸಿದ ದುಡ್ಡಿಗೆ ಅದರಿಂದ ಏನೂ ಸಿಗುವುದಿಲ್ಲ. ಈಗ ಸುತ್ತಮುತ್ತ ಕೇಳುವ ಮೋಸಗಳಲ್ಲಿ ಹೆಚ್ಚಿನವು ಈ ಎರಡನೇ ಜಾತಿಯವು. ಕರೆಂಟ್ ಕಟ್ ಮಾಡುತ್ತೇವೆ ಅನ್ನೋದು, ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ ಅನ್ನೋದು, ಮನೇಲೇ ಕೂತು ರೇಟಿಂಗ್ ಕೊಟ್ಟು ದುಡಿಯಿರಿ ಅನ್ನೋದು.

ನಾಲ್ಕು, ಖರ್ಚು ಮತ್ತು ತಾಪತ್ರಯ. ಸೇಫ್ ಅಂತ ಬಡ್ಡಿ ಕಟ್ಟೋದಾಗಲಿ, ಎರಡು ಇಡ್ಲಿ ತಿಂದು ನಾಲ್ಕು ಸಲ ಪಾಸ್‌ವರ್ಡ್ ಒತ್ತೋದಾಗಲಿ ಯಾರಿಗೂ ಬೇಡ.

ಮೇನ್ ಅಕೌಂಟಿಗೇ ಜೋಡಿಸಿದ ಯುಪಿಐ

ನಮ್ಮಲ್ಲಿ ಬಹುಪಾಲು ಜನ ಇರೋದು ಇಲ್ಲೇ. 2016ರಲ್ಲಿ ಎನ್‌ಪಿಸಿಐ (ದೇಶದ ಪೇಮೆಂಟ್ ವ್ಯವಸ್ಥೆ ನಡೆಸುವ ಸಂಸ್ಥೆ) ಯುಪಿಐ ಶುರು ಮಾಡಿದ್ದು, ಈಗ ಜಾತ್ರೆಯ ಬತ್ತಾಸಿನ ಅಂಗಡಿಯಲ್ಲೂ ಕ್ಯೂಆರ್ ಇದೆ. ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಖರ್ಚಿಲ್ಲ. ಅನುಕೂಲದಲ್ಲಿ ಇದಕ್ಕೆ ಸಾಟಿಯೇ ಇಲ್ಲ, ಸುಮ್ನೆ ಬೈಯೋದು ಬೇಡ.

ಆದರೆ ಅಳತೆಗೆ ಹಚ್ಚಿ ನೋಡಿ. ಹಿಂದೆ ಇರುವ ದುಡ್ಡು: ಎಲ್ಲವೂ. ವೇಗ: ಎರಡು ಸೆಕೆಂಡು. ದಿನಕ್ಕೆ ಸಾಮಾನ್ಯವಾಗಿ 1 ಲಕ್ಷದ ಮಿತಿ ಇದೆ ಅನ್ನುವುದು ಸಮಾಧಾನದ ಮಾತಲ್ಲ, ರಾತ್ರಿ ಹನ್ನೆರಡಕ್ಕೆ ಮುಂಚೆ ಒಂದು ಲಕ್ಷ, ಹನ್ನೆರಡಾದ ಮೇಲೆ ಇನ್ನೊಂದು ಲಕ್ಷ ಹೋಗಬಹುದು. ವಾಪಸ್ ಬರುವ ದಾರಿ: ತುಂಬಾ ಕಷ್ಟದ್ದು. ದುಡ್ಡು ಹೋಗಿ ಬೀಳುವುದು ಬಾಡಿಗೆಗೆ ತಗೊಂಡ ಯಾರದೋ ಅಕೌಂಟಿಗೆ, ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ, ಕೊನೆಗೆ ಎಲ್ಲೋ ಎಟಿಎಂನಲ್ಲಿ ನೋಟಾಗಿ ಹೊರಬರುತ್ತದೆ.

ಒಂದು ಒಳ್ಳೇದಾಗಿದೆ. ಇನ್ನೊಬ್ಬರು ನಿಮ್ಮಿಂದ ದುಡ್ಡು ಕೇಳಿ ರಿಕ್ವೆಸ್ಟ್ ಕಳಿಸುವ ಸೌಲಭ್ಯ ವ್ಯಕ್ತಿಗಳ ನಡುವೆ 2025ರ ಅಕ್ಟೋಬರ್ 1ರಿಂದ ನಿಂತಿದೆ. ಅದರಿಂದ ಒಂದು ಜಾತಿಯ ಮೋಸ ಕಡಿಮೆಯಾಗುತ್ತದೆ. ಕ್ಯೂಆರ್ ಮೋಸ ಹಾಗೇ ಇದೆ. ದುಡ್ಡು ಬರುವುದಕ್ಕೆ ಯಾವತ್ತೂ ಪಿನ್ ಬೇಡ, ಸ್ಕ್ಯಾನೂ ಬೇಡ. ಚಿಕ್ಕಪ್ಪನಿಗೆ ಈಗ ಇದು ಬಾಯಿಪಾಠ.

ಆ್ಯಪ್ ವಿಷಯ ಇಲ್ಲೇ ಮುಗಿಸಿಬಿಡೋಣ. ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ಭೀಮ್, ಯಾವುದರಲ್ಲಿ ಕಳಿಸಿದರೂ ಕೆಳಗೆ ಓಡುವುದು ಒಂದೇ ಯುಪಿಐ ಹಳಿ. ದುಡ್ಡು ಇರುವುದು ಬ್ಯಾಂಕಲ್ಲಿ, ಆ್ಯಪಲ್ಲಿ ಅಲ್ಲ. ವ್ಯತ್ಯಾಸ ಇರುವುದು ಪರದೆಯಲ್ಲಿ: ಎಷ್ಟು ಜಾಹೀರಾತು, ಎಷ್ಟು ಸಾಲದ ಆಮಿಷ, ರೀಚಾರ್ಜ್‌ಗೆ ಎಕ್ಸ್‌ಟ್ರಾ ಒಂದೆರಡು ರೂಪಾಯಿ ಕೀಳುತ್ತದಾ ಇಲ್ವಾ. ವಯಸ್ಸಾದವರಿಗೆ ನಾನು ಎನ್‌ಪಿಸಿಐಯವರದೇ ಆದ ಭೀಮ್ ಹಾಕಿಕೊಡುತ್ತೇನೆ, ಕನ್ನಡದಲ್ಲಿ ಇಟ್ಟು. ಕಾರಣ ಬೇರೇನಿಲ್ಲ, ಪರದೆಯಲ್ಲಿ ಗದ್ದಲ ಕಡಿಮೆ.

ಬೇರೆ ಅಕೌಂಟಿಗೆ ಜೋಡಿಸಿದ ಯುಪಿಐ

ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಇನ್ನೊಂದು ಉಳಿತಾಯ ಖಾತೆ ತೆರೆಯಿರಿ, ಬೇರೆ ಬ್ಯಾಂಕಲ್ಲಾದರೆ ಇನ್ನೂ ವಾಸಿ. ತಿಂಗಳ ಒಂದನೇ ತಾರೀಕು ಮೇನ್ ಅಕೌಂಟಿಂದ ಅದಕ್ಕೆ ಆ ತಿಂಗಳ ಕೈಖರ್ಚು ತಾನಾಗಿ ಹೋಗುವ ಹಾಗೆ ಬ್ಯಾಂಕಲ್ಲಿ ಹೇಳಿಟ್ಟುಬಿಡಿ, ಐದು ಸಾವಿರವೋ ಹದಿನೈದು ಸಾವಿರವೋ. ಫೋನಿನ ಯುಪಿಐಗೆ ಆ ಎರಡನೇ ಅಕೌಂಟು ಮಾತ್ರ. ಮೇನ್ ಅಕೌಂಟನ್ನು ಆ್ಯಪಿಂದ ತೆಗೆದುಹಾಕಿ.

ಇದರಲ್ಲಿ ಮೋಸ ಆಗುವುದಿಲ್ಲ ಅಂತಲ್ಲ. ಆಗುತ್ತದೆ, ಆದರೆ ಹೋದರೆ ಆ ತಿಂಗಳ ತರಕಾರಿ ದುಡ್ಡು ಹೋಗುತ್ತದೆ, ಮಗಳ ಕಾಲೇಜು ಫೀಸು ಹೋಗುವುದಿಲ್ಲ.

ತೊಂದರೆಗಳೂ ಇವೆ. ಎರಡನೇ ಅಕೌಂಟಿಗೆ ಮಿನಿಮಮ್ ಬ್ಯಾಲೆನ್ಸ್ ಕೇಳುವ ಬ್ಯಾಂಕಾದರೆ ದಂಡ ಬೀಳುತ್ತದೆ, ಅದಕ್ಕೆ ಮೂಲ ಉಳಿತಾಯ ಖಾತೆ ಅಥವಾ ಪೋಸ್ಟ್ ಆಫೀಸಿನ ಪೇಮೆಂಟ್ಸ್ ಬ್ಯಾಂಕಿನಂಥದ್ದು ನೋಡಿ. ತಿಂಗಳ ಕೊನೆಗೆ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡಾದ ಮೇಲೆ ಬ್ಯಾಲೆನ್ಸ್ ಇಲ್ಲ ಅಂತ ಬಂದರೆ ಮುಖ ಸಣ್ಣದಾಗುತ್ತದೆ, ನನಗೆ ಆಗಿದೆ. ಇನ್ನೊಂದು ಕೆಟ್ಟ ಚಾಳಿ: ಬ್ಯಾಲೆನ್ಸ್ ಮುಗಿದಾಗ "ಇದೊಂದು ಸಲ" ಅಂತ ಮೇನ್ ಅಕೌಂಟನ್ನು ಮತ್ತೆ ಆ್ಯಪಿಗೆ ಜೋಡಿಸೋದು. ಅಲ್ಲಿಗೆ ಎಲ್ಲ ಮಾಡಿದ್ದೂ ಹೊಳೆಯಲ್ಲಿ ಹುಣಿಸೇಹಣ್ಣು ತೊಳೆದ ಹಾಗೆ.

ಯುಪಿಐ ಲೈಟ್

ಟೀ, ಬಸ್ಸು, ಎಳನೀರು, ಜೆರಾಕ್ಸ್. ಇಂಥ ಚಿಲ್ಲರೆಗೆ ಇದು ಚೆನ್ನ. ಫೋನಲ್ಲೇ ಒಂದು ಸಣ್ಣ ಗೋಲಕ ಇದ್ದ ಹಾಗೆ. ಬ್ಯಾಂಕಿಂದ ಗರಿಷ್ಠ 5,000 ತುಂಬಿಟ್ಟುಕೊಳ್ಳಬಹುದು, ಒಂದು ಸಲಕ್ಕೆ 1,000ದವರೆಗೆ ಪಿನ್ ಇಲ್ಲದೆ ಹೋಗುತ್ತದೆ. ಪಾಸ್‌ಬುಕ್ಕಲ್ಲಿ ಹತ್ತು ಹತ್ತು ರೂಪಾಯಿಯ ಮೈಲುದ್ದದ ಸಾಲು ಬರುವುದಿಲ್ಲ, ತುಂಬಿದ್ದು ಮಾತ್ರ ಬರುತ್ತದೆ. ಗೋಲಕದ ದುಡ್ಡಿಗೆ ಬಡ್ಡಿ ಇಲ್ಲ, ಆದರೆ ಎರಡು ಸಾವಿರಕ್ಕೆ ಏನು ಬಡ್ಡಿ ಬರುತ್ತಿತ್ತು ಬಿಡಿ.

ಪಿನ್ ಇಲ್ಲ ಅನ್ನೋದೇ ಇದರ ಗುಣ, ಅದೇ ದೋಷ. ಮಕ್ಕಳ ಕೈಗೆ ಫೋನ್ ಕೊಡುವ ಅಭ್ಯಾಸ ಇದ್ದರೆ ಗೋಲಕದಲ್ಲಿ ಐನೂರಕ್ಕಿಂತ ಹೆಚ್ಚು ಇಡಬೇಡಿ, ತಾನಾಗಿ ತುಂಬಿಕೊಳ್ಳುವ ಸೌಲಭ್ಯ ಆನ್ ಮಾಡಲೂಬೇಡಿ.

ಡೆಬಿಟ್ ಕಾರ್ಡ್

ನಿಜ ಹೇಳಬೇಕಂದರೆ ಎಟಿಎಂ ಬಿಟ್ಟು ಬೇರೆ ಕಡೆ ಡೆಬಿಟ್ ಕಾರ್ಡ್ ಯಾಕೆ ಉಜ್ಜಬೇಕು ಅಂತ ನನಗೆ ಗೊತ್ತಾಗುವುದಿಲ್ಲ. ಹಿಂದೆ ಇರುವುದು ಅಕೌಂಟಿನ ಪೂರ್ತಿ ದುಡ್ಡು, ಕ್ರೆಡಿಟ್ ಕಾರ್ಡಿನ ಹಾಗೆ ಬಿಲ್ಲು ಬರುವ ತನಕದ ಬಿಡುವೂ ಇಲ್ಲ. ವೈಫೈ ಗುರುತಿನಂಥ ನಾಲ್ಕು ಗೆರೆ ಇದ್ದರೆ 5,000ದವರೆಗೆ ಪಿನ್ ಕೇಳದೆ ಮುಟ್ಟಿಸಿದರೆ ಸಾಕು. ಹೊರದೇಶದ ಎಷ್ಟೋ ವೆಬ್‌ಸೈಟುಗಳು ಒಟಿಪಿ ಕೇಳುವುದೇ ಇಲ್ಲ, ಕಾರ್ಡಿನ ಮೇಲಿರುವ ನಂಬರುಗಳು ಸಿಕ್ಕರೆ ಮುಗಿಯಿತು.

ಆದರೆ ಒಂದು ಒಳ್ಳೆ ಅಸ್ತ್ರ ನಮ್ಮ ಕೈಯಲ್ಲೇ ಇದೆ. 2020ರ ಅಕ್ಟೋಬರಿನಿಂದ ಆರ್‌ಬಿಐ ನಿಯಮದ ಪ್ರಕಾರ ಕಾರ್ಡಿನ ಆನ್‌ಲೈನ್, ವಿದೇಶಿ, ಕಾಂಟ್ಯಾಕ್ಟ್‌ಲೆಸ್ ಬಳಕೆಯನ್ನು ಬೇರೆ ಬೇರೆಯಾಗಿ ನೀವೇ ಆನ್-ಆಫ್ ಮಾಡಬಹುದು, ಮಿತಿ ಹಾಕಬಹುದು. ಬ್ಯಾಂಕಿನ ಆ್ಯಪಲ್ಲಿ ಎರಡು ನಿಮಿಷದ ಕೆಲಸ. ಎಟಿಎಂ ಒಂದನ್ನು ಬಿಟ್ಟು ಎಲ್ಲ ಆಫ್ ಮಾಡಿಟ್ಟರೆ ಡೆಬಿಟ್ ಕಾರ್ಡಿನ ಅರ್ಧ ಭಯ ಹೋಗುತ್ತದೆ.

ಕ್ರೆಡಿಟ್ ಕಾರ್ಡ್

ನಮ್ಮ ಮನೆಗಳಲ್ಲಿ ಇದಕ್ಕೆ ಕೆಟ್ಟ ಹೆಸರು. ಸಾಲ, ಬಡ್ಡಿ, ವಸೂಲಿಯವರ ಫೋನು. ಆ ಹೆಸರು ಸುಮ್ಮನೆ ಬಂದಿದ್ದಲ್ಲ. ಬಿಲ್ಲನ್ನು ಪೂರ್ತಿ ಕಟ್ಟದೆ ಮಿನಿಮಮ್ ಮಾತ್ರ ಕಟ್ಟಿದರೆ ಬಡ್ಡಿ ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ಶೇ. 3.5ರ ಆಸುಪಾಸು, ವರ್ಷದ ಲೆಕ್ಕ ಹಾಕಿದರೆ ಶೇ. 40 ದಾಟುತ್ತದೆ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನೋಟು ತೆಗೆದರಂತೂ ಮೊದಲ ದಿನದಿಂದಲೇ ಬಡ್ಡಿ.

ಆದರೆ ಮೋಸದ ದೃಷ್ಟಿಯಿಂದ ಮಾತ್ರ ನೋಡಿದರೆ ಆನ್‌ಲೈನ್ ಖರೀದಿಗೆ ಇದಕ್ಕಿಂತ ಗಟ್ಟಿ ದಾರಿ ನಾನು ಕಂಡಿಲ್ಲ. ಕಾರಣ ಸರಳ. ಕಳ್ಳ ಮುಟ್ಟಿದಾಗ ಹೋಗುವುದು ಮೊದಲು ಬ್ಯಾಂಕಿನ ದುಡ್ಡು. ಬಿಲ್ಲು ಬರುವಷ್ಟರಲ್ಲಿ "ಇದು ನನ್ನದಲ್ಲ" ಅಂತ ತಕರಾರು ಹಾಕಬಹುದು. ನಿಮ್ಮ ಉಳಿತಾಯ ಖಾತೆ ಖಾಲಿಯಾಗಿ ನೀವು ಬ್ಯಾಂಕಿನ ಬಾಗಿಲು ಕಾಯುವುದಕ್ಕೂ, ಬ್ಯಾಂಕು ನಿಮ್ಮ ದೂರನ್ನು ಪರಿಶೀಲಿಸಿಕೊಳ್ಳುವುದಕ್ಕೂ ಅಜಗಜಾಂತರ. ಸೀರೆ ಆರ್ಡರ್ ಮಾಡಿದೆ, ಬರಲೇ ಇಲ್ಲ, ವೆಬ್‌ಸೈಟೇ ಮಾಯ ಅಂತಾದರೂ, ಕಾರ್ಡಿನ ಬ್ಯಾಂಕಿಗೆ ಹೇಳಿ ಕೊಟ್ಟ ದುಡ್ಡು ವಾಪಸ್ ಕೇಳುವ ಚಾರ್ಜ್‌ಬ್ಯಾಕ್ ಅಂತ ಒಂದು ದಾರಿ ಇದೆ. ಯುಪಿಐಯಲ್ಲಿ ಗುರುತಿಲ್ಲದವರ ನಂಬರಿಗೆ ಕಳಿಸಿದ್ದರೆ ಅಷ್ಟು ಸುಲಭದ ದಾರಿ ಇಲ್ಲ.

ಇದರ ಹೆಸರಲ್ಲಿ ಬರುವ ಮೋಸಗಳು ಬೇರೆ ಥರ: "ನಿಮ್ಮ ಪಾಯಿಂಟ್ಸ್ ಇವತ್ತು ರಾತ್ರಿ ಮುಗಿಯುತ್ತದೆ", "ಲಿಮಿಟ್ ಜಾಸ್ತಿ ಮಾಡುತ್ತೇವೆ". ಅದಕ್ಕೆ ಬಿದ್ದು ಒಟಿಪಿ ಕೊಟ್ಟರೆ ಮೇಲೆ ಹೇಳಿದ ರಕ್ಷಣೆಯೆಲ್ಲ ಗಾಳಿಗೆ ಹೋಗುತ್ತದೆ.

ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು ಅನ್ನೋದು 2022ರಿಂದ ಇದೆ. ಅದರಲ್ಲಿ ಒಂದು ತಮಾಷೆಯ ಲಾಭ ಇದೆ. ಆ ಕಾರ್ಡಿಂದ ಅಂಗಡಿಗೆ ಕೊಡಬಹುದು, ವ್ಯಕ್ತಿಗಳಿಗೆ ಕಳಿಸೋಕಾಗುವುದಿಲ್ಲ. ಮಿಲಿಟರಿಯವನ ವೇಷದ ಕಳ್ಳ ತನ್ನ ಸ್ವಂತ ಐಡಿಯ ಕ್ಯೂಆರ್ ಕಳಿಸಿದರೆ ಪೇಮೆಂಟೇ ಆಗುವುದಿಲ್ಲ. ಅನಾನುಕೂಲ ಅಂತ ಬೈದುಕೊಳ್ಳುವ ಮಿತಿ ಇಲ್ಲಿ ಕಾವಲುಗಾರನ ಕೆಲಸ ಮಾಡುತ್ತದೆ. ಕೆಲವು ಸಣ್ಣ ಅಂಗಡಿಗಳ ಕ್ಯೂಆರ್‌ಗೂ ಹೋಗುವುದಿಲ್ಲ, ಅದಕ್ಕೆ ಲೈಟ್ ಗೋಲಕ ಇದೆಯಲ್ಲ.

ಸಂಬಳದ ಚೀಟಿ ಇಲ್ಲದವರಿಗೆ, ಗೃಹಿಣಿಯರಿಗೆ, ಓದುವ ಮಕ್ಕಳಿಗೆ ಎಫ್‌ಡಿ ಇಟ್ಟು ಅದರ ಮೇಲೆ ಕೊಡುವ ಕಾರ್ಡುಗಳಿವೆ. ಲಿಮಿಟ್ ಎಫ್‌ಡಿಯನ್ನು ದಾಟುವುದಿಲ್ಲ, ಕೈಮೀರುವ ಭಯ ಕಡಿಮೆ. ಆದರೆ ದುಡ್ಡು ಕಂಡರೆ ಖರ್ಚು ಮಾಡದೆ ಇರೋಕಾಗದವರು ಈ ಇಡೀ ಭಾಗ ಮರೆತುಬಿಡಿ. ಕಳ್ಳನಿಗಿಂತ ಮುಂಚೆ ಬಡ್ಡಿಯೇ ನಿಮ್ಮನ್ನು ತಿಂದುಹಾಕುತ್ತದೆ.

ವ್ಯಾಲೆಟ್

ಮೊದಲೇ ದುಡ್ಡು ತುಂಬಿಟ್ಟು ಆಮೇಲೆ ಅದರಿಂದ ಖರ್ಚು ಮಾಡುವ, ಆ್ಯಪಿನೊಳಗಿನ ಪರ್ಸು ಇದು. ಯುಪಿಐ ಬಂದಮೇಲೆ ಇದರ ಮೆರೆತ ಕಡಿಮೆಯಾಗಿದೆ. ಪೂರ್ತಿ ಕೆವೈಸಿ ಇಲ್ಲದ ವ್ಯಾಲೆಟ್ಟಿಗೆ 10,000ದ ಮಿತಿ, ಕೆವೈಸಿ ಆಗಿದ್ದರೆ 2 ಲಕ್ಷದವರೆಗೆ ಇಡಬಹುದು. ಬ್ಯಾಂಕಿಗೆ ನೇರ ಕೊಂಡಿ ಇಲ್ಲದೆ ಇಷ್ಟೇ ದುಡ್ಡು ಅಂತ ಬೇರೆ ಮಾಡಿಡುವುದು ಅಂದರೆ ನಾನು ಹೇಳಿದ ಎರಡನೇ ಅಕೌಂಟಿನ ಕೆಲಸವೇ. ಆದರೆ ಬಡ್ಡಿ ಇಲ್ಲ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಖಾಸಗಿ ಕಂಪನಿಯ ವ್ಯಾಲೆಟ್ಟಿನ ದುಡ್ಡಿಗೆ ಅದಿಲ್ಲ. ಎರಡನೇ ಅಕೌಂಟು ತೆರೆಯಲು ಆಗದವರಿಗೆ ಮಾತ್ರ ಇದು.

ನೆಟ್ ಬ್ಯಾಂಕಿಂಗ್

ಸೈಟಿಗೆ ಅಡ್ವಾನ್ಸ್, ಮದುವೆ ಛತ್ರಕ್ಕೆ ಬಾಕಿ, ಟ್ರ್ಯಾಕ್ಟರ್ ಕಂತು. ಇಂಥ ದೊಡ್ಡ ಮೊತ್ತಕ್ಕೆ ನಾನು ಬೇಕಂತಲೇ ನಿಧಾನದ ದಾರಿ ಹಿಡಿಯುತ್ತೇನೆ. ನೆಫ್ಟ್ ಅರ್ಧ ಗಂಟೆಗೊಂದು ಕಂತಿನಲ್ಲಿ ಹೋಗುತ್ತದೆ. ಹೊಸಬರ ಅಕೌಂಟ್ ಸೇರಿಸಿದರೆ ಅನೇಕ ಬ್ಯಾಂಕುಗಳು ಕೆಲವು ಗಂಟೆ ದೊಡ್ಡ ಮೊತ್ತ ಬಿಡುವುದಿಲ್ಲ. ಮೊದಲೆಲ್ಲ ಇದಕ್ಕೆ ಕಿರಿಕಿರಿಯಾಗುತ್ತಿತ್ತು, ಈಗ ಆ ಬಿಡುವಿನಲ್ಲೇ ಎಷ್ಟೋ ಜನ ಉಳಿದುಕೊಂಡಿದ್ದಾರೆ ಅನ್ನಿಸುತ್ತದೆ. ಮನಸ್ಸಿಗೆ ಬಂದ ಅನುಮಾನವನ್ನು ಹೆಂಡತಿಗೋ ತಮ್ಮನಿಗೋ ಹೇಳಲು ಅಷ್ಟು ಸಮಯ ಸಾಕು. ಆರ್‌ಟಿಜಿಎಸ್ 2 ಲಕ್ಷದಿಂದ ಮೇಲಿನದಕ್ಕೆ, ಆಗಲೇ ಹೋಗುತ್ತದೆ. ಐಎಂಪಿಎಸ್ 5 ಲಕ್ಷದವರೆಗೆ, ಅದೂ ಆಗಲೇ. 2025ರ ಏಪ್ರಿಲ್‌ನಿಂದ ನೆಫ್ಟ್, ಆರ್‌ಟಿಜಿಎಸ್‌ನಲ್ಲೂ ಕಳಿಸುವ ಮುಂಚೆ ಆ ಅಕೌಂಟಿನ ಹೆಸರು ನೋಡುವ ಸೌಲಭ್ಯ ಬಂದಿದೆ. ಹೆಸರು ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲಿಸಿ, "ಅದು ನಮ್ಮ ಅಕೌಂಟೆಂಟ್ ಹೆಸರು" ಅನ್ನೋ ಕಥೆ ನಂಬಬೇಡಿ.

ಬ್ಯಾಂಕಿನ ವೆಬ್‌ಸೈಟ್ ವಿಳಾಸ ಈಗ 'ಬ್ಯಾಂಕ್ ಡಾಟ್ ಇನ್' ಅಂತ ಮುಗಿಯಬೇಕು. ಹುಡುಕಿ ಸಿಕ್ಕ ಲಿಂಕ್ ಒತ್ತುವ ಮುಂಚೆ ಆ ಬಾಲ ನೋಡಿ. ಕಸ್ಟಮರ್ ಕೇರ್ ನಂಬರನ್ನಂತೂ ಗೂಗಲ್‌ನಲ್ಲಿ ಹುಡುಕಲೇಬೇಡಿ, ಕಾರ್ಡಿನ ಹಿಂದೆ ಅಚ್ಚಾಗಿರುತ್ತದೆ.

ನೋಟು

ಹೌದು, ಇದೂ ಒಂದು ಆಯ್ಕೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಿನ ಬೇಕರಿ, ತರಕಾರಿ ಅಂಗಡಿಗಳಲ್ಲಿ ಕ್ಯೂಆರ್ ಕಿತ್ತುಹಾಕಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಬಿದ್ದಿದ್ದು ನೆನಪಿದೆಯಲ್ವಾ. ಐನೂರರ ಎರಡು ನೋಟು ಜೇಬಲ್ಲಿರಲಿ. ಅದಕ್ಕಿಂತ ಜಾಸ್ತಿ ಬೇಕಿಲ್ಲ, ಎಟಿಎಂಗೆ ಉಚಿತ ಮಿತಿ ದಾಟಿ ಹೋದರೆ ಸಲಕ್ಕೆ 23 ರೂಪಾಯಿಯವರೆಗೆ ಹೋಗುತ್ತದೆ.

ಹಾಗಾದರೆ ಆ ಮೂವರಿಗೆ ಏನು ಹೇಳಿದೆ

ಅಕ್ಕನ ಮಗಳಿಗೆ: ಸಂಬಳದ ಅಕೌಂಟನ್ನು ಯುಪಿಐಯಿಂದ ಬಿಡಿಸು. ಎರಡನೇ ಅಕೌಂಟು, ಜೊತೆಗೆ ಲೈಟ್. ಆನ್‌ಲೈನ್ ಖರೀದಿಗೆ ಕಡಿಮೆ ಲಿಮಿಟ್ಟಿನ ಒಂದೇ ಒಂದು ಕ್ರೆಡಿಟ್ ಕಾರ್ಡ್, ಬಿಲ್ಲು ಪೂರ್ತಿ ತಾನಾಗಿ ಕಟ್ಟಿಹೋಗುವ ಹಾಗೆ ಹಾಕಿಸಿಕೋ. ಅವಳ ವಯಸ್ಸಿನವರಿಗೆ ಇನ್ನೊಂದು ಬಲೆ ಇದೆ: "ನಿನ್ನ ಅಕೌಂಟು ಎರಡು ತಿಂಗಳಿಗೆ ಬಾಡಿಗೆ ಕೊಡು, ಐದು ಸಾವಿರ ಕೊಡುತ್ತೇವೆ." ಚಿಕ್ಕಪ್ಪನ ದುಡ್ಡು ಹೋಗಿ ಬಿದ್ದಿದ್ದು ಅಂಥದ್ದೇ ಒಂದಕ್ಕೆ. ಪೊಲೀಸರು ಮೊದಲು ಬರುವುದು ಆ ಅಕೌಂಟಿನ ಒಡೆಯನ ಮನೆಗೆ.

ಮೇಷ್ಟ್ರಿಗೆ: ಅವರದ್ದು ಚಿಕ್ಕಪ್ಪನ ಸ್ಥಿತಿಯೇ, ನಿವೃತ್ತಿಯ ದುಡ್ಡೆಲ್ಲ ಒಂದೇ ಕಡೆ. ಅದನ್ನು ಯಾವ ಆ್ಯಪಿಗೂ ಜೋಡಿಸದ ಅಕೌಂಟಲ್ಲಿಡಿ ಅಂದೆ. ಹೆಂಡತಿಯ ಜೊತೆ, ಇಬ್ಬರ ಸಹಿಯೂ ಬೇಕು ಅನ್ನುವ ಜಂಟಿ ಖಾತೆಯಾದರೆ ಇನ್ನೂ ಒಳ್ಳೇದು, ಸಾಮಾನ್ಯವಾಗಿ ಅಂಥದ್ದಕ್ಕೆ ಆನ್‌ಲೈನ್ ವ್ಯವಹಾರವೇ ಇರುವುದಿಲ್ಲ. ಪೊಲೀಸರ ವೇಷದಲ್ಲಿ ವಿಡಿಯೋ ಕಾಲ್ ಮಾಡಿ ಡಿಜಿಟಲ್ ಅರೆಸ್ಟ್ ಅಂತ ಹೆದರಿಸುವವರು ಕೂರಿಸಿಕೊಂಡು ಮಾಡಿಸುವುದೇ ಎಫ್‌ಡಿ ಮುರಿಸಿ ಆರ್‌ಟಿಜಿಎಸ್ ಮಾಡಿಸೋದು. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅಂತ ಒಂದು ಇಲ್ಲವೇ ಇಲ್ಲ. ದಿನದ ಖರ್ಚಿಗೆ ಮಗನ ಕೈಲಿ ಯುಪಿಐ ಸರ್ಕಲ್ ಹಾಕಿಸಿಕೊಳ್ಳಿ ಅಂದೆ. 2024ರಲ್ಲಿ ಬಂದಿದ್ದು. ಮಗನ ಅಕೌಂಟಿಂದ ಅಪ್ಪ ಖರ್ಚು ಮಾಡಬಹುದು, ತಿಂಗಳಿಗೆ ಗರಿಷ್ಠ 15,000, ಒಂದು ಸಲಕ್ಕೆ 5,000. ಬೇಕಿದ್ದರೆ ಪ್ರತಿ ಸಲ ಮಗನೇ ಒಪ್ಪಿಗೆ ಕೊಡುವ ಹಾಗೂ ಇಡಬಹುದು. ಮೇಷ್ಟ್ರು ಮುಖ ಗಂಟಿಕ್ಕಿದರು, "ನಲವತ್ತು ವರ್ಷ ದುಡಿದು ಮಗನ ಹತ್ತಿರ ಕಾಫಿಗೆ ಕೈಚಾಚಲಾ?" ಅಂತ. ಅದೂ ಒಂದು ಖರ್ಚೇ, ಲೆಕ್ಕಕ್ಕೆ ಹಿಡಿಯಬೇಕು. ಅವರು ಎರಡನೇ ಅಕೌಂಟನ್ನೇ ಆರಿಸಿಕೊಂಡರು. ಜೊತೆಗೆ ಗಂಡ-ಹೆಂಡತಿ ಇಬ್ಬರ ಆಧಾರ್ ಬಯೋಮೆಟ್ರಿಕ್ಕನ್ನೂ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿಕೊಟ್ಟೆ. ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯುವ ವ್ಯವಸ್ಥೆಯಲ್ಲಿ ಒಟಿಪಿ ಬರುವುದಿಲ್ಲ, ಆಸ್ತಿ ಪತ್ರದ ಮೇಲಿನ ಬೆರಳಚ್ಚು ಕದ್ದು ದುಡ್ಡು ಎತ್ತಿದ ದೂರುಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬಂದಿದ್ದವು.

ಹಾಲಿನಂಗಡಿಯವರದು ಉಲ್ಟಾ ಸಮಸ್ಯೆ, ಅವರು ದುಡ್ಡು ತೆಗೆದುಕೊಳ್ಳುವವರು. ಬೆಳಿಗ್ಗೆ ಆರಕ್ಕೆ ಎಂಟು ಜನ ಒಟ್ಟಿಗೆ ನಿಂತಿರುತ್ತಾರೆ, ಒಬ್ಬ ಫೋನ್ ಎತ್ತಿ ಹಸಿರು ಟಿಕ್ ತೋರಿಸಿ ಹೋಗುತ್ತಾನೆ. ಆ ಟಿಕ್ ಹಳೇ ಸ್ಕ್ರೀನ್‌ಶಾಟ್ ಇರಬಹುದು, ನಕಲಿ ಆ್ಯಪ್ ಇರಬಹುದು. ದುಡ್ಡು ಬಂದಾಗ ಮೊತ್ತ ಕೂಗಿ ಹೇಳುವ ಆ ಮಾತಾಡುವ ಡಬ್ಬಿಗೆ ತಿಂಗಳ ಬಾಡಿಗೆ ಕೊಟ್ಟರೂ ಅವರಿಗೆ ಲಾಭವೇ. ಕ್ಯೂಆರ್ ಸ್ಟಿಕರನ್ನು ಹೊರಗಡೆ ಗೋಡೆಗೆ ಅಂಟಿಸದೆ ಒಳಗೆ ಇಡಿ ಅಂದೆ, ರಾತ್ರಿ ಯಾರೋ ತಮ್ಮ ಸ್ಟಿಕರ್ ಮೇಲೆ ಅಂಟಿಸಿ ಹೋಗುವ ಕಥೆಗಳಿವೆ. ಇನ್ನೊಂದು ಅವರಿಗೆ ಗೊತ್ತಿರಲಿಲ್ಲ: ಕದ್ದ ದುಡ್ಡಲ್ಲಿ ಯಾರಾದರೂ ಅವರ ಹತ್ತಿರ ತುಪ್ಪ ಕೊಂಡರೆ, ಪೊಲೀಸ್ ದೂರಿನ ಜಾಡು ಹಿಡಿದು ಅವರ ಅಕೌಂಟನ್ನೂ ತಡೆಹಿಡಿಯಬಹುದು. ಅದಕ್ಕೇ ಅಂಗಡಿಯ ಯುಪಿಐ ಒಂದು ಅಕೌಂಟಿಗೆ, ಮನೆಯ ದುಡ್ಡು ಇನ್ನೊಂದರಲ್ಲಿ.

ಹೋಗಿಯೇಬಿಟ್ಟರೆ

ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್. ಇಲ್ಲವೇ 'ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್' ತಾಣದಲ್ಲಿ ದೂರು. ಹೆಂಡತಿಗೆ ಹೇಗೆ ಹೇಳಲಿ ಅಂತ ಯೋಚಿಸುತ್ತಾ ಕೂರುವ ಆ ಒಂದು ಗಂಟೆಯೇ ಕಳ್ಳನಿಗೆ ಬೇಕಾಗಿರುವುದು. ಬೇಗ ತಿಳಿಸಿದರೆ ದುಡ್ಡು ಮುಂದಿನ ಅಕೌಂಟಿಗೆ ಹಾರುವ ಮುಂಚೆ ಅಲ್ಲೇ ಹಿಡಿದಿಡಲು ಅವಕಾಶ ಇರುತ್ತದೆ. ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು: ವ್ಯವಹಾರದ 12 ಅಂಕಿಯ ಯುಟಿಆರ್ ನಂಬರ್, ಸಮಯ, ಮೊತ್ತ, ಕಳ್ಳನ ಫೋನ್ ನಂಬರು. ಆಮೇಲೆ ಬ್ಯಾಂಕಿಗೆ ತಿಳಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಬ್ಯಾಂಕು 30 ದಿನವಾದರೂ ಸರಿಯಾದ ಉತ್ತರ ಕೊಡದಿದ್ದರೆ ಬ್ಯಾಂಕುಗಳ ಮೇಲಿನ ದೂರು ನೋಡುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಬರೆಯಬಹುದು, ದುಡ್ಡು ಖರ್ಚಿಲ್ಲ.

ಚಿಕ್ಕಪ್ಪ ಫೋನ್ ಮಾಡಿದ್ದು ಮಾರನೇ ದಿನ ಮಧ್ಯಾಹ್ನ. ಮೊದಲ 6,000 ಅಷ್ಟರಲ್ಲಿ ಎಲ್ಲೋ ಹೋಗಿತ್ತು. ಎರಡನೆಯದರಲ್ಲಿ 4,200 ಇನ್ನೂ ಆ ಅಕೌಂಟಲ್ಲೇ ಕೂತಿತ್ತು. ಅದು ಕೋರ್ಟಿನ ಆದೇಶ ಆಗಿ ಕೈಗೆ ಬರಲು ಏಳು ತಿಂಗಳು ಹಿಡಿಯಿತು. ಫ್ರಿಜ್ಜನ್ನು ಕೊನೆಗೆ ಹಿಂದಿನ ಬೀದಿಯ ಗ್ಯಾರೇಜಿನವರು ತಗೊಂಡು ಹೋದರು, ಮೂರೂವರೆ ಸಾವಿರಕ್ಕೆ, ಅರ್ಧ ಗಂಟೆ ಚೌಕಾಸಿ ಮಾಡಿ.